ಹಿಂದೆ ಬಿದ್ದವರ ಪಂಕ್ತಿ

ಕಲ್ಯಾಣದಲ್ಲಿ ಹುಟ್ಟಿದವರಿಗೆ ಪಂಕ್ತಿಯ ಧರ್ಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೆಲದ ಮೇಲೆ ಸಾಲಾಗಿ ಕೂತ ಮೇಲೆ ಸಾಹುಕಾರನೂ ಒಂದೇ, ಅವನ ಎತ್ತು ಕಾಯುವವನೂ ಒಂದೇ. ಮೊದಲನೆಯ ಎಲೆಗೆ ಎಷ್ಟು ಹುಗ್ಗಿಯೋ ಕಡೆಯ ಎಲೆಗೂ ಅಷ್ಟೇ. ಕಡೆಯವನಿಗೆ ಬಡಿಸುವ ತನಕ ಮೊದಲನೆಯವನು ಕೈ ಹಚ್ಚುವಂತಿಲ್ಲ. ದೇವರೂ ಆ ಸಾಲಿನಲ್ಲಿ ಎಲ್ಲೋ ಕೂತಿರುತ್ತಾನೆ, ಯಾವ ಎಲೆಯ ಮುಂದೆ ಎಂಬುದು ತಿಳಿಯದಿರುವುದರಿಂದ ಎಲ್ಲರಿಗೂ ಚೆನ್ನಾಗಿ ಬಡಿಸಬೇಕು ಎಂದು ಹಿರಿಯರು ಹೇಳುತ್ತಿದ್ದರು. ಇಂಥ ಊರಿನಿಂದ ಒಬ್ಬ ಹುಡುಗ ಎಂಬಿಎ ಪ್ರವೇಶ ಪರೀಕ್ಷೆ ಬರೆಯಲು ಹೊರಟ. ಆ ಪರೀಕ್ಷೆಯಲ್ಲೂ ಒಂದು ಸಾಲಿದೆ. ಆದರೆ ಅಲ್ಲಿ ಮುಂದೆ ಕೂತವರಿಗೆ ಮಾತ್ರ ಊಟ. ಈ ಎರಡು ಸಾಲುಗಳ ನಡುವೆ ಸಿಕ್ಕಿಬಿದ್ದ ಬಡಪಾಯಿಯ ಕಥೆ ಇದು.

ಅವನ ಹೆಸರು ಬಸವಕಿರಣ. ಕಿಲ್ಲೆಯ ಕಡೆ ಹೋಗುವ ಓಣಿಯಲ್ಲಿ ಅವನ ಕಿರಾಣಿ ಅಂಗಡಿ, ಅದರ ಬೆನ್ನಿಗೇ ಮನೆ. ತಂದೆ ಲಿಂಗೈಕ್ಯರಾದ ಮೇಲೆ ಅಂಗಡಿಯಲ್ಲಿ ಅವನು, ಮನೆಯಲ್ಲಿ ತಾಯಿ ಕಸ್ತೂರಿಬಾಯಿ. ಬಿ.ಕಾಂ. ಆಗಿದೆ, ಸ್ವಭಾವ ಮೆತ್ತಗೆ. ಯಾರಾದರೂ ಗಟ್ಟಿಸಿ ಕೇಳಿದರೆ ತನ್ನ ಹೆಸರನ್ನೂ ಒಂದು ಕ್ಷಣ ಯೋಚಿಸಿ ಹೇಳುವಂಥವನು. ಅವನಿಗೆ ನಿಜವಾಗಿ ಒಲಿದ ವಿದ್ಯೆ ಬಡಿಸುವುದು. ಮಠದ ದಾಸೋಹದಲ್ಲಿ ಬಡಿಸುವ ಸೇವೆ ಆ ಮನೆತನಕ್ಕೆ ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಬಸವಕಿರಣ ಸಾರಿನ ಬಕೆಟ್ ಹಿಡಿದು ಸಾಲಿಗಿಳಿದರೆ, ಯಾರು ಬೇಡವೆಂದು ಕೈ ಅಡ್ಡ ಹಿಡಿದು ಮನಸ್ಸಿನಲ್ಲಿ ಬೇಕೆನ್ನುತ್ತಿದ್ದಾರೆ ಎಂಬುದು ಅವನಿಗೆ ಕೈ ನೋಡಿಯೇ ತಿಳಿಯುತ್ತಿತ್ತು. ದುರ್ದೈವವೆಂದರೆ ಪ್ರವೇಶ ಪರೀಕ್ಷೆಯಲ್ಲಿ ಈ ವಿಷಯದ ಮೇಲೆ ಪ್ರಶ್ನೆ ಬರುವುದಿಲ್ಲ.

ಹೆದ್ದಾರಿಯ ಮೇಲೆ ಎಸಿ ಹಾಕಿದ ದೊಡ್ಡ ಅಂಗಡಿಯೊಂದು ಬಂದಾಗಿನಿಂದ ಎಂಬಿಎ ಮಾಡಬೇಕೆಂಬ ಆಸೆ ಅವನಿಗೆ ಹತ್ತಿತ್ತು. ಮೊಬೈಲಿನಲ್ಲಿ ಒಂದು ಕೋಚಿಂಗ್ ಹಚ್ಚಿಕೊಂಡಿದ್ದ. ಪ್ರತಿ ಭಾನುವಾರ ಅದರಲ್ಲಿ ಒಂದು ಅಭ್ಯಾಸದ ಪರೀಕ್ಷೆ. ಸಂಜೆಗೆ ಫಲಿತಾಂಶ. ಅದನ್ನು ನೋಡಿ ಮೊಬೈಲನ್ನು ಬೋರಲು ಹಾಕಿ ಇಡುವುದು ಅವನ ಪದ್ಧತಿ.

ಹೀಗಿರುವಾಗ ಶ್ರಾವಣದಲ್ಲಿ ಹುಮನಾಬಾದಿಗೆ ಹೆಣ್ಣು ನೋಡಲು ಹೋದರು. ಹೆಣ್ಣಿನ ತಂದೆ ಮಹಾರುದ್ರಪ್ಪನವರದು ತೊಗರಿಬೇಳೆಯ ಮಿಲ್ಲು. ಏನನ್ನು ಕಂಡರೂ ಮನಸ್ಸಿನಲ್ಲೇ ತೂಗುವ ಮನುಷ್ಯ. ಮಗಳು ಜಯಮಾಲಾ ಅವಲಕ್ಕಿ ಚೂಡಾದ ತಟ್ಟೆಗಳನ್ನು ತಂದಿಟ್ಟಳು. ಬಸವಕಿರಣ ಅಭ್ಯಾಸಬಲದಿಂದ ಎದ್ದು ಆ ತಟ್ಟೆಗಳನ್ನು ತಾನೇ ಎಲ್ಲರಿಗೂ ಹಂಚತೊಡಗಿದ. ಕೂತ ಹಿರಿಯರು ಮುಖ ಮುಖ ನೋಡಿಕೊಂಡರು. ತಾಯಿ ಅಂಗಿ ಹಿಡಿದು ಜಗ್ಗಿ ಕೂಡಿಸಿದಳು. ಜಯಮಾಲಾ ಮಾತ್ರ ನಕ್ಕಳು. ಆ ನಗುವಿಗೆ ಅವನು ಅಲ್ಲೇ ಸೋತ. ಮುಂದಿನದೆಲ್ಲ ಅದರ ಫಲ.

ಜಯಮಾಲಾಳೂ ಅದೇ ಪರೀಕ್ಷೆಗೆ ಓದುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಹೋದ ವರ್ಷ ಅವಳಿಗೆ ಎಂಬತ್ತಾರು ಪರ್ಸೆಂಟೈಲ್ ಬಂದಿತ್ತಂತೆ, ಸಾಲದೆಂದು ಮತ್ತೆ ಬರೆಯುವವಳು. ಮಹಾರುದ್ರಪ್ಪನವರು ಚಹಾ ಕೆಳಗಿಟ್ಟು ಕೇಳಿದರು, "ತಮಗ ಎಷ್ಟ ಬರ್ತದರಿ?"

ಹಿಂದಿನ ಭಾನುವಾರ ಬಂದದ್ದು ಮೂವತ್ತನಾಲ್ಕು. ಹೇಳಲು ಬಾಯಿ ತೆರೆದ. ಬಾಗಿಲ ಬಳಿ ಜಯಮಾಲಾ ಅವನನ್ನೇ ನೋಡುತ್ತಿದ್ದಳು.

"ತೊಂಬತ್ತರ ಹತ್ರ ಬರ್ತದ್ರಿ," ಎಂದ.

ಹತ್ತಿರ ಎಂಬ ಪದ ತನ್ನ ಜನ್ಮದಲ್ಲಿ ಅಷ್ಟು ದೂರ ನಡೆದಿರಲಿಕ್ಕಿಲ್ಲ.

ಮಹಾರುದ್ರಪ್ಪನವರಿಗೆ ಸಂತೋಷವಾಯಿತು. "ಭಾಳ ಚಲೋ ಆತು. ಇಬ್ಬರೂ ಪರೀಕ್ಷಾ ಬರೀರಿ. ನನ್ನ ಮಗಳಿಗಿಂತ ಒಂದ ಅಂಕಿ ಮ್ಯಾಲ ತಗೊಂಡ ಬರ್ರಿ, ಮರುದಿನಾ ಕುಂಕುಮ ಹಚ್ಚಿಬಿಡೋಣು. ಗಂಡು ಅಂದ ಮ್ಯಾಲ ಒಂದ ಕೈ ಮ್ಯಾಗ ಇರಬೇಕಲ್ರಿ." ಇದನ್ನು ಕೇಳಿ ಜಯಮಾಲಾ ಖಾಲಿ ತಟ್ಟೆಗಳನ್ನು ಸ್ವಲ್ಪ ಸಪ್ಪಳವಾಗುವಂತೆಯೇ ಒಳಗೆ ಒಯ್ದಳು.

ಮುಂದಿನ ಭಾನುವಾರ ಸಂಜೆ ಕಸ್ತೂರಿಬಾಯಿ ಮಗನ ಮುಂದೆ ಕೂತು ಎಷ್ಟು ಬಂತೆಂದು ಕೇಳಿದಳು. ತಾಯಿಗೆ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಮತ್ತೆ ಮೂವತ್ತನಾಲ್ಕೇ ಬಂದಿತ್ತು, ಅದನ್ನೇ ಹೇಳಿದ. ಆದರೆ ಪರ್ಸೆಂಟೈಲ್ ಅಂದರೆ ಏನು ಎಂದು ಕೇಳಿದಾಗ ತೊದಲಿದ. ಪಕ್ಕದ ಮನೆಯ ಸೂರ್ಯಕಾಂತ ಅಲ್ಲೇ ಕಟ್ಟೆಯ ಮೇಲಿದ್ದ. ತಹಸೀಲ್ ಕಚೇರಿಯಿಂದ ನಿವೃತ್ತನಾಗಿ ಕೇಳದವರಿಗೂ ತಿಳಿಸಿ ಹೇಳುವ ಕೆಲಸ ಹಿಡಿದಿದ್ದವನು. ಕೇಳಿದವರನ್ನು ಬಿಟ್ಟಾನೆಯೇ.

"ಅಕ್ಕಾ, ಸಾದಾ ಹಿಸಾಬ ಅದ. ಪರೀಕ್ಷಾ ಬರದವರಾಗ ನೂರ ಮಂದೀನ್ನ ಒಂದ ಸಾಲಿನಾಗ ಕೂಡಸು. ಅದರಾಗ ನಿನ್ನ ಮಗ ಮೂವತ್ತನಾಲ್ಕ ಮಂದೀನ್ನ ಹಿಂದ ಹಾಕ್ಯಾನ. ತೊಂಬತ್ತು ಅಂದ್ರ ತೊಂಬತ್ತ ಮಂದೀನ್ನ ಹಿಂದ ಹಾಕಬೇಕು. ಅವರು ಹಿಂದ ಬಿದ್ರೇನ ಇವಾ ಮ್ಯಾಲ."

ಅವನು ಸಾಲು ಎಂದದ್ದೇ ತಪ್ಪಾಯಿತು. ಕಸ್ತೂರಿಬಾಯಿಗೆ ಗೊತ್ತಿದ್ದ ಸಾಲು ಒಂದೇ. ಅವಳ ಕಣ್ಣ ಮುಂದೆ ನೂರು ಎಲೆ ಹಾಸಿಕೊಂಡವು. ಮೂವತ್ತನಾಲ್ಕು ಮಂದಿ, ಪುಸ್ತಕ ಹಿಡಿದ ಬಡಕಲು ಹುಡುಗ ಹುಡುಗಿಯರು, ಖಾಲಿ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಾರೆ. ಅವರ ಮುಂದೆ ಅವಳ ಮಗ ಉಣ್ಣುತ್ತಿದ್ದಾನೆ.

"ಅವರೂ ಯಾರೋ ಹಡದ ಮಕ್ಕಳ ಅಲ್ಲೇನಣ್ಣಾ?" ಎಂದಳು. "ಅವರು ಹಸದ ಎದ್ದ ಹೋದ್ರ ನಮ್ಮ ಮನಿಗಿ ಒಳ್ಳೇದಾಗತದೇನು?"

ಅದು ಪರೀಕ್ಷೆ, ಊಟವಲ್ಲ ಎಂದು ಸೂರ್ಯಕಾಂತ ಬಹಳ ತಿಳಿಸಿ ಹೇಳಿದ. ಹೇಳಿದಷ್ಟೂ ಅವಳ ನಿರ್ಧಾರ ಗಟ್ಟಿಯಾಯಿತು. ಮಗ ಪ್ರತಿ ಭಾನುವಾರ ಎಷ್ಟು ಮಂದಿಯನ್ನು ಹಿಂದೆ ಹಾಕುತ್ತಾನೋ ಸೋಮವಾರ ಅಷ್ಟು ಮಂದಿಗೆ ಮನೆಯಲ್ಲಿ ಊಟ, ಅವರ ಹೆಸರಿನಲ್ಲಿ. ಲಿಂಗದ ಮುಂದೆ ನಿಂತು ಹರಕೆಯನ್ನೂ ಹೊತ್ತುಬಿಟ್ಟಳು. ಬರೆಯುವವರು ಲಕ್ಷಗಟ್ಟಲೆ ಇರುತ್ತಾರಲ್ಲ ಎಂದು ಸೂರ್ಯಕಾಂತ ಕಡೆಯ ಬಾಣ ಬಿಟ್ಟ. ನೂರರ ಲೆಕ್ಕ ತನ್ನದು, ಲಕ್ಷದ ಲೆಕ್ಕ ದೇವರದು ಎಂದು ಅವಳು ಒಳಗೆ ಹೋಗಿ ಗೋಧಿ ಹಸನು ಮಾಡಲು ಕೂತಳು.

ಇದರಲ್ಲಿರುವ ಅಪಾಯ ಬಸವಕಿರಣನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಬೋರಲು ಹಾಕಿಡುತ್ತಿದ್ದ ಅಂಕ ಇನ್ನು ಮುಂದೆ ಎಲೆಗಳ ರೂಪದಲ್ಲಿ ಅಂಗಳದಲ್ಲಿ ಹಾಸಿರುತ್ತದೆ. ಎಣಿಸಲು ಬರುವವರೆಲ್ಲ ಎಣಿಸಬಹುದು. ಹೋಗಿ ತಾಯಿಯ ಕಾಲು ಹಿಡಿದ. ತೊಂಬತ್ತು ಮಂದಿಗೆ ಹಾಕವ್ವಾ, ಪುಣ್ಯ ಹೆಚ್ಚಿಗೆ ಬರ್ತದ ಎಂದು ಬೇಡಿಕೊಂಡ. ಪ್ರಸಾದದಲ್ಲಿ ಸುಳ್ಳು ಬೆರೆಸಬಾರದೆಂದು ಅವಳು ಕಾಲು ಬಿಡಿಸಿಕೊಂಡಳು.

ಅಷ್ಟರಲ್ಲಿ ಹುಮನಾಬಾದಿನಿಂದ ಫೋನು ಬಂತು. ಆ ಎರಡು ಊರುಗಳ ನಡುವೆ ಓಡಾಡುವ ಬಸ್ಸುಗಳು ಜನರಿಗಿಂತ ಹೆಚ್ಚು ಸುದ್ದಿಯನ್ನೇ ಒಯ್ಯುತ್ತವೆ. ಮಹಾರುದ್ರಪ್ಪನವರು ಹರಕೆಯ ವಿಷಯ ಕೇಳಿ ಕರಗಿಹೋಗಿದ್ದರು. ಹಿಂದೆ ಬಿದ್ದವರಿಗೆ ಉಣ್ಣಿಸುವ ಮನೆತನ ಈ ಕಾಲದಲ್ಲಿ ಎಲ್ಲಿ ಸಿಕ್ಕೀತು ಎಂದರು. ಅನುಭವ ಮಂಟಪದ ದರ್ಶನಕ್ಕೆ ಹೇಗೂ ಬರುವುದಿದೆ, ನಾಳೆಯೇ ಮಗಳನ್ನು ಕರೆದುಕೊಂಡು ಬಂದು ಆ ತೊಂಬತ್ತು ಎಲೆಗಳನ್ನು ಕಣ್ಣು ತುಂಬ ನೋಡಿ ಹೋಗುತ್ತೇವೆ ಎಂದರು.

ಬಸವಕಿರಣ ಫೋನಿಟ್ಟು ನೇರ ಎದುರಿನ ಟೇಲರ್ ಅಂಗಡಿಗೆ ಹೋದ. ಅಬ್ದುಲ್ ಕರೀಂ ಅವನ ಮೊದಲ ಚಡ್ಡಿಯಿಂದ ಹಿಡಿದು ಎಲ್ಲವನ್ನೂ ಹೊಲಿದವನು, ಅವನ ಎಲ್ಲ ಅಳತೆಯೂ ಬಲ್ಲವನು.

"ಚಾಚಾ, ಇಜ್ಜತ್ ಹೋಗಾಕತ್ತದ," ಎಂದು ಎಲ್ಲವನ್ನೂ ಹೇಳಿದ.

ಕರೀಂ ಮಶಿನ್ ನಿಲ್ಲಿಸಿ ಎಲ್ಲವನ್ನೂ ಕೇಳಿದ. "ಬಟ್ಟಿ ಕಡಿಮಿ ಬಿದ್ರ ಜೋಡ ಕೊಡಬೇಕು. ಮಂದಿ ಕಡಿಮಿ ಬಿದ್ರ ಬಸ್ ಸ್ಟ್ಯಾಂಡ್ ಅದ ಅಲ್ಲೋ. ಫಿಕರ್ ಮಾಡಬ್ಯಾಡ."

ಸೋಮವಾರ ಮಧ್ಯಾಹ್ನ ಕಸ್ತೂರಿಬಾಯಿ ಮೂವತ್ತನಾಲ್ಕು ಮಂದಿಗೆ ಅಳೆದು ಬೇಯಿಸಿ, ಲಿಂಗಕ್ಕೆ ಎಡೆ ತೋರಿಸಿ ಹೊರಗೆ ಬಂದಳು. ಅಂಗಳ ತುಂಬಿತ್ತು. ಮಂಠಾಳದ ಬಸ್ಸಿಗೆ ಕಾಯುತ್ತಿದ್ದವರು, ಕುರಿ ಮಾರಿ ಬಂದ ಒಂದು ಕುಟುಂಬ, ಮಹಾರಾಷ್ಟ್ರದ ಕಡೆಯಿಂದ ಯಾತ್ರೆಗೆ ಬಂದು ದಾರಿ ಕೇಳುತ್ತಿದ್ದ ಒಂದು ಭಜನೆಯ ತಂಡ, ಎಲ್ಲರನ್ನೂ ಕರೀಂ ಟೇಪು ಕೊರಳಿಗೆ ಹಾಕಿಕೊಂಡೇ ಕರೆತಂದಿದ್ದ. ಕಸ್ತೂರಿಬಾಯಿ ಇದು ಶರಣರ ಪವಾಡವೆಂದು ಎರಡೂ ಕೈ ಮುಗಿದಳು. ಅನ್ನ ಮತ್ತೆ ಇಡಲು ಒಳಗೆ ಓಡಿದಳು, ಓಣಿಯ ಹೆಂಗಸರು ರೊಟ್ಟಿ ತಂದರು. ಅನ್ನ, ರೊಟ್ಟಿಗೆ ಹೇಗೋ ದಾರಿಯಾಯಿತು. ಗೋಧಿ ಹುಗ್ಗಿಯನ್ನು ಬಸವಕಿರಣ ತೊಂಬತ್ತು ಪಾಲು ಮಾಡಿ ಒಂದೊಂದು ಚಮಚ ಬಡಿಸಿದ. ಸಾರಿಗೆ ಮಾತ್ರ ದಾರಿ ಕಾಣಲಿಲ್ಲ. ಅದನ್ನು ಮತ್ತೆ ಕುದಿಸುವಷ್ಟು ಹೊತ್ತಿರಲಿಲ್ಲ. ಹೊರಗೆ ಸಾಲಿನ ಮೊದಲ ಎಲೆಗೆ ಮಹಾರುದ್ರಪ್ಪನವರೂ ಹೆಂಗಸರ ಸಾಲಿನಲ್ಲಿ ಜಯಮಾಲಾಳೂ ಬಂದು ಕೂತಾಗಿತ್ತು.

ಬಸವಕಿರಣ ಬಕೆಟ್ ಹಿಡಿದು ಹಿತ್ತಲಿಗೆ ಹೋದ. ಒಲೆಯ ಮೇಲೆ ಬಿಸಿನೀರು ಕಾಯುತ್ತಿತ್ತು. ಆ ಕ್ಷಣದಲ್ಲಿ ಅವನ ಏಳು ತಲೆಮಾರಿನ ಬಡಿಸುವವರು ಅವನನ್ನು ನೋಡುತ್ತಿದ್ದರು. ಅವರೆಲ್ಲರ ಕ್ಷಮೆ ಕೇಳಿ ನೀರು ಸುರಿದ. ಒಂದು ಹಿಡಿ ಉಪ್ಪು, ಒಂದು ಹಿಡಿ ಖಾರ ಹಾಕಿ ಕಲಕಿದ. ಮತ್ತೊಮ್ಮೆ ಸಾಲು ನೋಡಿದ. ಮತ್ತೊಮ್ಮೆ ನೀರು ಸುರಿದ.

ಒಬ್ಬರನ್ನೂ ಬಿಡದೆ ಬಡಿಸಿದ. ಮಹಾರುದ್ರಪ್ಪನವರು ಉಣ್ಣುವುದಕ್ಕಿಂತ ಎಣಿಸುವುದರಲ್ಲಿ ಹೆಚ್ಚು ಮಗ್ನರಾಗಿದ್ದರು. ಕಡೆಗೆ ಬರಾಬ್ಬರ ಎಂದು ಗೋಣು ಹಾಕಿದರು. ಜಯಮಾಲಾ ಸಾರನ್ನು ಒಂದು ಗುಟುಕು ಕುಡಿದಳು. ಬಕೆಟ್ ನೋಡಿದಳು, ಸಾಲನ್ನು ಕಡೆಯ ತನಕ ನೋಡಿದಳು, ಅವನನ್ನು ನೋಡಿದಳು. ಮತ್ತೆ ಸಣ್ಣಗೆ ನಕ್ಕಳು. ಅವನು ಅದನ್ನು ಪ್ರೀತಿಯೆಂದು ತಿಳಿದು ಅವಳಿಗೆ ಇನ್ನೊಂದು ಸೌಟು ಹಾಕಿದ.

ಎಲ್ಲರೂ ಕೈ ತೊಳೆದು ಹರಸಿ ಹೊರಡುವ ಹೊತ್ತಿಗೆ ಪಾತ್ರೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ಬಸವಕಿರಣ ಹಿತ್ತಲಿನಲ್ಲಿ ನಿಂತು ಒಂದು ತಂಬಿಗೆ ನೀರು ಕುಡಿದು, ತಾಯಿಗೆ ಕೇಳಿಸುವಂತೆ ಒಂದು ಡೇಗು ತೇಗಿದ.

ಸುಳ್ಳು ಒಂದು ಸಲ ಉಂಡವರು ಮತ್ತೊಮ್ಮೆ ಬಡಿಸು ಎನ್ನುತ್ತಾರೆ. ಮರುವಾರ ಬಸವಕಿರಣ ನಿಜವಾಗಿಯೂ ಓದಿದ, ನಲವತ್ತೊಂದು ಬಂತು. ಅವನ ಪಾಲಿಗೆ ಅದು ಹಬ್ಬ. ಆದರೆ ಓಣಿಯವರು ತೊಂಬತ್ತು ಎಲೆ ನೋಡಿದವರು, ಹೋದ ವಾರ ಬಂದದ್ದು ಮೂವತ್ತನಾಲ್ಕೆಂದು ಸೂರ್ಯಕಾಂತ ಎಷ್ಟು ತಿಳಿಸಿ ಹೇಳಿದರೂ ನಂಬಲಿಲ್ಲ. ಇಷ್ಟು ಜಾಣ ಹುಡುಗ ಒಂದೇ ವಾರದಲ್ಲಿ ಅರ್ಧಕ್ಕಿಂತ ಕೆಳಗೆ ಬಿದ್ದನಲ್ಲ ಎಂದು ಊರೆಲ್ಲ ಮರುಗಿತು. ಎದುರಿನ ಮನೆಯ ರುಕ್ಮಿಣಿಬಾಯಿಯಂತೂ ಯಾರೋ ಕಣ್ಣು ಹಾಕಿರಬೇಕೆಂದು ನಿವಾಳಿಸಿದಳು. ಕಣ್ಣು ತೆಗೆದರೆ ಸಾಲದು, ಹುಡುಗನನ್ನು ಓದಿಸಬೇಕು ಎಂದು ತೀರ್ಮಾನವಾಯಿತು.

ಅಂದಿನಿಂದ ಬಸವಕಿರಣನ ಅಂಕ ಅವನೊಬ್ಬನದಾಗಿ ಉಳಿಯಲಿಲ್ಲ. ರುಕ್ಮಿಣಿಬಾಯಿ ಮೊರ ಹಿಡಿದು ಕಟ್ಟೆಯ ಮೇಲೆ ಕೂತು, ಅವನು ಇಂಗ್ಲಿಷ್ ಓದುವುದನ್ನು ಕೇಳುವ ಕೆಲಸ ಹೊತ್ತಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ದನಿ ಎಲ್ಲಿ ತೂಕಡಿಸುತ್ತದೆ ಎಂಬುದು ಬರೋಬ್ಬರಿ ತಿಳಿಯುತ್ತಿತ್ತು, ಅಲ್ಲಿ ಮೊರ ಬಡಿಯುತ್ತಿದ್ದಳು. ಕರೀಂ ಬಟ್ಟೆ ಕತ್ತರಿಸುತ್ತ ಲೆಕ್ಕ ಕೇಳುತ್ತಿದ್ದ. ಅವನ ಲೆಕ್ಕಗಳೆಲ್ಲ ಷರ್ಟಿನ ತೋಳಿನಲ್ಲಿ ಮುಗಿಯುತ್ತಿದ್ದವು. ಸೂರ್ಯಕಾಂತ ಪ್ರತಿ ಉತ್ತರವನ್ನೂ ಮೂರು ಸಲ ಪರಿಶೀಲಿಸಿ ಸರಿ ಇದ್ದದ್ದನ್ನೂ ಅನುಮಾನದಲ್ಲಿಡುತ್ತಿದ್ದ, ಇಪ್ಪತ್ತೈದು ವರ್ಷ ಕಡತ ನೋಡಿದ ಕಣ್ಣು.

ಇಷ್ಟಾದರೂ ಅಂಕ ಒಂದು ವಾರ ಏರಿ ಮರುವಾರ ಇಳಿಯುತ್ತಿತ್ತು. ಕಾರಣ ಯಾರಿಗೂ ತಿಳಿಯಲಿಲ್ಲ, ಎಲ್ಲರ ಕಣ್ಣೆದುರೇ ಇದ್ದರೂ. ಅಂಕ ಏರಿದರೆ ಎಲೆ ಹೆಚ್ಚುತ್ತಿದ್ದವು. ಎಲೆ ಹೆಚ್ಚಿದರೆ ಸಂತೆ, ನೀರು, ಒಲೆ, ಬಡಿಸುವುದು, ಪಾತ್ರೆ ತಿಕ್ಕುವುದು, ಎಲ್ಲದಕ್ಕೂ ಅವನೇ. ಮೂರು ದಿನ ಪುಸ್ತಕದ ಮುಖ ನೋಡಲಾಗುತ್ತಿರಲಿಲ್ಲ, ಅಂಕ ಇಳಿಯುತ್ತಿತ್ತು. ಅಂಕ ಇಳಿದರೆ ಎಲೆ ಕಡಿಮೆ, ಬಿಡುವು ಹೆಚ್ಚು, ಓದು ಹೆಚ್ಚು, ಮತ್ತೆ ಏರುತ್ತಿತ್ತು. ಪುಣ್ಯವೂ ವಿದ್ಯೆಯೂ ಒಂದನ್ನೊಂದು ಹೀಗೆ ತಿನ್ನುತ್ತಿರುವುದನ್ನು ಶಾಸ್ತ್ರಗಳಲ್ಲೂ ಎಲ್ಲೂ ಹೇಳಿದಂತಿಲ್ಲ.

ನವೆಂಬರ್ ಹತ್ತಿರ ಬಂದಾಗ ಕಸ್ತೂರಿಬಾಯಿಗೆ ಹೊಸ ಚಿಂತೆ ಹತ್ತಿತು. ಒಂದು ಸಂಜೆ ದೀಪ ಹಚ್ಚಿದ ಮೇಲೆ ಸೂರ್ಯಕಾಂತನನ್ನು ಕರೆದು ಕೇಳಿದಳು. "ಅಣ್ಣಾ, ಇವಾ ಆ ಹುಡುಗಿಗಿಂತ ಮ್ಯಾಲ ಬಂದ್ರ ಆಕಿ ಎಲ್ಲಿ ಕೂಡತಾಳ?"

"ಇವನ ಹಿಂದ."

"ಸೊಸಿ ಆಗಿ ಬರೋಳನ್ನ ಹಿಂದ ಹಾಕಿ ಹ್ಯಾಂಗ ಒಳಗ ಕರಕೊಳ್ಳೋದು?"

ಸೂರ್ಯಕಾಂತ ಚಪ್ಪಲಿ ಮೆಟ್ಟಿಕೊಂಡು ತನ್ನ ಮನೆಯ ದಾರಿ ಹಿಡಿದ. ಅಂದಿನಿಂದ ಅವಳು ಇಬ್ಬರಿಗೂ ಒಟ್ಟಿಗೇ ಬೇಡಿಕೊಳ್ಳತೊಡಗಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ಬರೆಯುವವರೆಲ್ಲರಿಗೂ ಚಲೋ ಆಗಲಿ, ಯಾರೂ ಹಿಂದೆ ಬೀಳದಿರಲಿ ಎಂದು ವಿಭೂತಿ ಹಚ್ಚಿಕೊಂಡು ಕೂತಳು. ಅವ್ವಾ, ಎಲ್ಲರಿಗೂ ಚಲೋ ಆದ್ರ ನಾ ಕೆಳಗ ಹೋಗ್ತೇನಿ ಎಂದು ಬಸವಕಿರಣ ಅಳುವ ದನಿಯಲ್ಲಿ ಹೇಳಿದ. ಹಾಗಂತ ದೇವರ ಮುಂದೆ ಮಂದಿಗೆ ಕೆಟ್ಟದ್ದು ಬೇಡಲು ಬರುತ್ತದೇನು ಎಂದು ಅವಳು ಕೇಳಿದಳು. ಅವನಿಗೂ ಬರುತ್ತಿರಲಿಲ್ಲ. ಅದೇ ಅವನ ನಿಜವಾದ ತೊಂದರೆ.

ಪರೀಕ್ಷೆ ಕಲಬುರಗಿಯಲ್ಲಿ. ಹೆದ್ದಾರಿಯ ಸಸ್ತಾಪುರ ಬಂಗಲಾದ ತನಕ ಅರ್ಧ ಓಣಿಯೇ ಬಂದು ಬಸ್ಸು ಹತ್ತಿಸಿತು. ಕಂಪ್ಯೂಟರಿನ ಮುಂದೆ ಕೂತು ಶರಣರನ್ನು ನೆನೆದು ಲೆಕ್ಕದ ಭಾಗ ತೆರೆದ. ಮೊದಲ ಪ್ರಶ್ನೆಯೇ ಒಂದು ಪಾತ್ರೆಯ ಹಾಲಿಗೆ ಎರಡು ಸಲ ನೀರು ಬೆರೆಸಿದವನ ಕುರಿತಾಗಿತ್ತು. ಬಸವಕಿರಣನ ಕಿವಿ ಬಿಸಿಯಾದವು. ಪ್ರಶ್ನೆ ತೆಗೆದವರು ಆ ಸೋಮವಾರ ತನ್ನ ಹಿತ್ತಲಿಗೆ ಬಂದಿದ್ದರೇನೋ ಎಂದು ಹಿಂದೆ ಮುಂದೆ ನೋಡಿದ. ಆ ಒಂದು ಲೆಕ್ಕ ಬಿಟ್ಟು ಉಳಿದದ್ದರಲ್ಲಿ ಬಂದದ್ದನ್ನೆಲ್ಲ ಮಾಡಿದ. ರುಕ್ಮಿಣಿಬಾಯಿಯ ಮೊರದ ಸಪ್ಪಳ ನೆನೆಸಿಕೊಂಡು ಇಂಗ್ಲಿಷಿನಲ್ಲಿ ಒಮ್ಮೆಯೂ ತೂಕಡಿಸಲಿಲ್ಲ.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಅರವತ್ತೇಳು.

ಓಣಿಯವರು ಅರವತ್ತೇಳು ಎಲೆಯ ಊಟ ಉಂಡು, ನಮ್ಮ ಹುಡುಗ ಎಂದು ಬೆನ್ನು ಚಪ್ಪರಿಸಿ ಹೋದರು. ಅವನಿಗೂ ಒಳಗೊಳಗೆ ಸಂತೋಷವೇ. ಮೂವತ್ತನಾಲ್ಕರಿಂದ ಅಲ್ಲಿಗೆ ಏರಿದ್ದರ ಬೆಲೆ ಅವನಿಗೊಬ್ಬನಿಗೆ ಗೊತ್ತು. ಆದರೆ ಹುಮನಾಬಾದಿನ ಸುದ್ದಿಯೂ ಬಂದಿತ್ತು. ಜಯಮಾಲಾಳಿಗೆ ತೊಂಬತ್ತೊಂದು. ಮಹಾರುದ್ರಪ್ಪನವರು ಫೋನು ಮಾಡಿ ಎಳ್ಳಮವಾಸ್ಯೆಗೆ ತಾಯಿ ಮಗ ಇಬ್ಬರೂ ಹೊಲಕ್ಕೆ ಬರಬೇಕು, ಬಸ್ಸಿನ ಸುದ್ದಿ ಏನೇ ಇರಲಿ, ನಿಮ್ಮ ಅಂಕ ಎಷ್ಟೆಂದು ಅಲ್ಲೇ ಎದುರಾಎದುರು ಕೇಳುತ್ತೇನೆ, ಎಲ್ಲ ಬೀಗರೂ ಬರುತ್ತಾರೆ ಎಂದಿದ್ದರು.

ಹೊರಡುವ ಮುಂಜಾನೆ ಕರೀಂ ಹೊಸ ಅಂಗಿ ತಂದುಕೊಟ್ಟು ಕಿವಿಯಲ್ಲಿ ಹೇಳಿದ. "ತೊಂಬತ್ತೆರಡು ಅಂದುಬಿಡು. ಹೊಲದಾಗ ಯಾರ ನೋಡತಾರ?"

ಬಸವಕಿರಣ ಅಂಗಿ ತೊಟ್ಟು ಗುಂಡಿ ಹಾಕಿಕೊಂಡ. "ನೀರ ಹಾಕಿದ್ದು ಸಾಕಾತು ಚಾಚಾ," ಎಂದ.

ನಮ್ಮ ಕಡೆ ಎಳ್ಳಮವಾಸ್ಯೆಯ ದಿನ ಊರಿನಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಮಹಾರುದ್ರಪ್ಪನವರ ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಜೋಳದ ದಂಟಿನ ಕೊಂಪೆಯಲ್ಲಿ ಪಾಂಡವರೆಂದು ಇಟ್ಟ ಐದು ಕಲ್ಲಿಗೆ ಪೂಜೆಯಾಗಿ, ಹೊಲದ ತುಂಬ ಭೂಮಿತಾಯಿಯ ಪಾಲಿನ ಚರಗ ಚೆಲ್ಲಿ, ಬೇವಿನ ಮರದ ನೆರಳಿಗೆ ಬೀಗರು ಬಿಜ್ಜರು ಸಾಲಾಗಿ ಕೂತರು. ಗಡಿಗೆಗಳಲ್ಲಿ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ. ಬುಟ್ಟಿಗಳಲ್ಲಿ ಸಜ್ಜೆಯ ರೊಟ್ಟಿ, ಕಡಬು. ಬಸವಕಿರಣನನ್ನು ಮಹಾರುದ್ರಪ್ಪನವರ ಎದುರಿಗೇ ಕೂಡಿಸಿದರು. ಬಡಿಸುವ ಮೊದಲೇ ಅವರು ಗಂಟಲು ಸರಿಮಾಡಿಕೊಂಡು, ಸಾಲಿಗೆಲ್ಲ ಕೇಳುವಂತೆ ಎಷ್ಟು ಬಂತೆಂದು ಕೇಳಿದರು.

"ಅರವತ್ತೇಳ್ರಿ."

ಅವರು ಕೇಳಿಸದವರಂತೆ ಮುಂದಕ್ಕೆ ಬಾಗಿದರು. ಬಸವಕಿರಣನಿಗೆ ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. "ತೊಂಬತ್ತು ಎಂದೂ ಬಂದೇ ಇಲ್ರಿ. ಆವತ್ತ ಬಂದದ್ದು ಮೂವತ್ತನಾಲ್ಕು. ನೀವು ಎಣಿಸಿದ ಮಂದಿ ಬಸ್ ಸ್ಟ್ಯಾಂಡಿನವರು. ಸಾರಿಗಿ ನಾನೇ ನೀರ ಹಾಕಿದ್ದೆ."

ಒಬ್ಬ ಸೋದರಮಾವ ಮೂವತ್ತನಾಲ್ಕು ಎಂದು ಮೆಲ್ಲಗೆ ಇನ್ನೊಬ್ಬರಿಗೆ ದಾಟಿಸಿದ. ಅದು ಕೈಯಿಂದ ಕೈಗೆ ಉಪ್ಪಿನಕಾಯಿಯಂತೆ ಸಾಲಿನ ತುದಿ ಮುಟ್ಟಿತು. ಮಹಾರುದ್ರಪ್ಪನವರ ಮುಖದಲ್ಲಿ ತಕ್ಕಡಿಯ ಒಂದು ತಟ್ಟೆ ನೆಲಕ್ಕೆ ಬಡಿದಿತ್ತು. ಆದರೆ ಅವರಿಗಿಂತ ಮೊದಲು ಎದ್ದು ನಿಂತವಳು ಕಸ್ತೂರಿಬಾಯಿ.

"ಸಾರಿಗಿ ನೀರ ಹಾಕಿದ್ಯಾ?"

"ಹೌದವ್ವಾ."

"ಎಷ್ಟು ಸರ್ತಿ?"

"ಎರಡು."

ಮಗನಿಗೆ ತೊಂಬತ್ತು ಬರದಿದ್ದುದು, ಬೀಗರ ಮುಂದೆ ಮಾನ ಹೋದದ್ದು, ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ಏಳು ತಲೆಮಾರು ಬಡಿಸಿದ ಮನೆತನದಲ್ಲಿ ಹುಟ್ಟಿ ಪ್ರಸಾದಕ್ಕೆ ನೀರು ಹಾಕಿದನಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಸುಳ್ಳು ಹೇಳಿದ್ದಕ್ಕೆ ಸಿಟ್ಟಾಗಲು ಎದ್ದಿದ್ದ ಮಹಾರುದ್ರಪ್ಪನವರು ಅವಳನ್ನು ಸಮಾಧಾನ ಮಾಡಬೇಕಾಗಿ ಬಂತು. ಹೋಗಲಿ ಬಿಡ್ರಿ ಅಕ್ಕಾರ, ಸಾರು ಕೆಟ್ಟಿರಲಿಲ್ಲ ಎಂದುಬಿಟ್ಟರು. ಅಂದ ಮೇಲೆ ಸಿಟ್ಟು ಮಾಡುವ ಹೊತ್ತು ದಾಟಿಹೋಯಿತೆಂದು ಅವರಿಗೇ ತಿಳಿದು ಕೂತರು.

ಆಗ ಭಜ್ಜಿಯ ಗಡಿಗೆ ಹಿಡಿದು ನಿಂತಿದ್ದ ಜಯಮಾಲಾ ಮಾತಾಡಿದಳು. "ನನಗ ಅವತ್ತೇ ಗೊತ್ತಾಗಿತ್ತು."

ಎಲ್ಲರೂ ಅತ್ತ ತಿರುಗಿದರು.

"ಮಿಶ್ರಣದ ಲೆಕ್ಕ, ಅಪ್ಪಾ. ಒಂದ ಪಾಲ ಸಾರಿಗಿ ಎರಡ ಪಾಲ ನೀರ ಬಿದ್ದಿತ್ತು. ಕೂತವರು ತೊಂಬತ್ತು. ಅಂದ್ರ ಸಾರ ಕುದ್ದದ್ದು ಮೂವತ್ತ ಚಿಲ್ಲರ ಮಂದಿಗಿ. ಕುಡದ ಕೂಡಲೇ ಅಂದಾಜ ಹತ್ತಿತು."

ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದು ತಂದೆ ಕೇಳಿದರು. ಅವಳು ಗಡಿಗೆಯನ್ನು ಸೊಂಟಕ್ಕೆ ಆನಿಸಿಕೊಂಡಳು.

"ಸಿಟ್ಟ ಬಂದಿತ್ತು. ಹೇಳಬೇಕಂತನ ಹಿತ್ತಲಕ ಹೋದೆ. ಮಂದೀಗೆಲ್ಲಾ ಉಣಿಸಿ ಇವರು ಖಾಲಿ ನೀರ ಕುಡದು, ಉಂಡವರಂಗ ಡೇಗ ತೇಗಾಕತ್ತಿದ್ರು." ಅವಳ ತುಟಿಯಲ್ಲಿ ಆ ಹಳೆಯ ನಗು ಬಂತು. "ಹಂಗ ಹೊಳ್ಳಿ ಬಂದೆ."

ಬೇವಿನ ಮರದಲ್ಲಿ ಗಾಳಿ ಸಣ್ಣಗೆ ಆಡಿತು. ಕಸ್ತೂರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಹುಡುಗಿಯನ್ನು ನೋಡಿದಳು. ನಿನಗೆ ಎಷ್ಟು ಬಂತವ್ವಾ ಎಂದು ಕೇಳಿದಳು. ತೊಂಬತ್ತೊಂದು ಎಂಬ ಉತ್ತರ ಬಂತು. ಮುದುಕಿಯ ಮನಸ್ಸಿನಲ್ಲಿ ಮತ್ತೆ ಆ ನೂರು ಎಲೆ ಹಾಸಿಕೊಂಡವು. ಈ ಸಲ ಖಾಲಿ ಎಲೆಗಳ ಮುಂದೆ ಕೂತವರಲ್ಲಿ ಹೊಸ ಅಂಗಿಯ ಅವಳ ಮಗನೂ ಕಂಡ.

"ಹಂಗಾದ್ರ ಬೀಗರ, ಇವಾ ನಿಮ್ಮ ಮಗಳ ಹಿಂದ ಬಿದ್ದವರಾಗ ಬಂದ," ಎಂದಳು, ನಿರಾಳವಾಗಿ. ತಿಂಗಳುಗಳಿಂದ ಅವಳ ಎದೆಯ ಮೇಲಿದ್ದ ಭಾರ ಇಳಿದಿತ್ತು. ಸೊಸೆಯನ್ನು ಹಿಂದೆ ಹಾಕುವ ಪಾಪ ತಪ್ಪಿತ್ತು. "ಹಿಂದ ಬಿದ್ದವರ ಊಟ ಮುಂದ ಕೂತವರ ಮ್ಯಾಲ. ಇನ್ನ ಇವನ ಊಟ ನಿಮ್ಮ ಮಗಳ ಪಾಲಿಗಿ ಬಂತು."

"ಎಷ್ಟ ದಿನದ್ದು?" ಎಂದು ಮಹಾರುದ್ರಪ್ಪನವರು ವ್ಯಾಪಾರದ ದನಿಯಲ್ಲೇ ಕೇಳಿದರು.

"ಅದನ್ನ ಆಕೀಗೇ ಕೇಳ್ರಿ."

ಗಂಡು ಒಂದು ಕೈ ಮೇಲಿರಬೇಕು ಎಂದು ಸಾಲಿನಲ್ಲಿ ಯಾರೋ ಗೊಣಗಿದರು. ಜಯಮಾಲಾ ಗಡಿಗೆಯೊಳಗೆ ಸೌಟು ಇಳಿಬಿಟ್ಟಳು. ಬಂದು ಬಸವಕಿರಣನ ತಟ್ಟೆಯ ಮುಂದೆ ಬಾಗಿ ಎರಡು ಸೌಟು ಭಜ್ಜಿ ಹಾಕಿದಳು, ಗಟ್ಟಿಯಾದದ್ದು, ನೀರಿಲ್ಲದ್ದು. "ದಿನಾ ನಾನೇ ಬಡಸಂಗಿಲ್ಲ," ಎಂದಳು, ಅವನಿಗಷ್ಟೇ ಅಲ್ಲ, ತಂದೆಗೂ ಕೇಳುವಂತೆ. "ಪಾಳಿ ಹಚ್ಚೋಣು. ನಾ ಲೆಕ್ಕ ಕಲಸತೇನಿ. ಬಡಸೋದು ಇವರಿಗಿ ನನಗಿಂತ ಚಲೋ ಬರ್ತದ."

ಬಸವಕಿರಣ ತಟ್ಟೆ ನೋಡಿದ, ಕೈ ಹಚ್ಚಲಿಲ್ಲ. ಸಾಲಿನ ಕಡೆಯವರಿಗೆ ಇನ್ನೂ ಬಡಿಸಿರಲಿಲ್ಲ. ಅವನ ಕಾಲುಗಳು ಯಾರನ್ನೂ ಕೇಳದೆ ಎದ್ದವು. ಅವಳ ಕೈಯಿಂದ ಗಡಿಗೆ ತೆಗೆದುಕೊಂಡು, ತೋಳು ಮಡಚಿ, ಸಾಲಿನ ಆ ತುದಿಯಿಂದ ಬಡಿಸುತ್ತ ಬಂದ. ಗೊಣಗಿದವರ ಕೈ ಬೇಡ ಎನ್ನುತ್ತಿದ್ದರೂ ಬೇಕೆನ್ನುತ್ತಿರುವುದನ್ನು ಕಂಡು ಅವರಿಗೆ ಒಂದು ಸೌಟು ಹೆಚ್ಚಿಗೇ ಹಾಕಿದ. ಮೂವತ್ತನಾಲ್ಕನ್ನು ದಾಟಿಸಿದ್ದ ಸೋದರಮಾವ ಎರಡನೆಯ ಕಡಬಿಗೆ ಆ ಅಂಕಿಯನ್ನೇ ಮರೆತ.

ಮಹಾರುದ್ರಪ್ಪನವರು ಇನ್ನೂ ತೂಗುತ್ತಲೇ ಇದ್ದರು. ಒಂದು ತಟ್ಟೆಯಲ್ಲಿ ತಾವು ಎಲ್ಲರೆದುರು ಆಡಿದ ಮಾತು, ಇನ್ನೊಂದರಲ್ಲಿ ಮಗಳ ಮುಖ. ತಲೆಯೆತ್ತಿ ನೋಡಿದಾಗ ಎಡಕ್ಕೂ ಬಲಕ್ಕೂ ಎಲ್ಲರೂ ಉಣ್ಣುತ್ತಿದ್ದರು. ಬಡಿಸುವಾಗ ತೂಗುತ್ತ ಕೈ ಅಡ್ಡ ಹಿಡಿದಿದ್ದ ಅವರ ತಟ್ಟೆಯೊಂದೇ ಖಾಲಿ ಇತ್ತು. ಅವರು ಅದನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು.

"ಅಳಿಯಾರ," ಎಂದರು, "ಈ ಕಡೀನೂ ಜರಾ ನೋಡ್ರಿ. ನಾವೊಬ್ಬರು ಹಿಂದ ಉಳದೇವಿ."